ಗಾಡಿ ನಿಂತಾಗ ‘ಗುಂಯ್’: ಬಳ್ಳಾರಿಯ ಎಲೆಕ್ಟ್ರಿಕ್ ಕಾರೊಂದರ ಎಸಿ ನಡುಕದ ಪ್ರಕರಣ

ಬಳ್ಳಾರಿ–ತೋರಣಗಲ್ಲು ನಡುವೆ ದಿನಕ್ಕೆ ಎರಡು ಸಲ ಹೋಗಿ ಬರುವ, ಐದು ಸೀಟಿನ ಎಲೆಕ್ಟ್ರಿಕ್ ಕಾರು. ವಯಸ್ಸು ಮೂರು ವರ್ಷ ದಾಟಿದೆ, ಓಡಿರುವುದು 1,12,000 ಕಿ.ಮೀ. ಏಪ್ರಿಲ್ ಎರಡನೇ ವಾರದಲ್ಲಿ ಬಂದ ದೂರು ಚಾಲಕನ ಮಾತಿನಲ್ಲೇ ಹೀಗಿತ್ತು: “ಓಡ್ವಾಗ ಏನೂ ಇಲ್ರಿ. ರಾಯಲ್ ಸರ್ಕಲ್ ಸಿಗ್ನಲ್‌ನಾಗ ನಿಂತ್ರ ಒಂದೆರಡು ನಿಮಿಷಕ್ಕ ಗುಂಯ್ ಅಂತ ಶುರು ಆಗ್ತೈತಿ, ಸ್ಟೇರಿಂಗ್ ನಡುಗ್ತೈತಿ. ಹಿಂದ ಕುಂತೋರು ತಲಿ ನೋವು ಅಂತಾರ. ಎಸಿ ಬಂದ್ ಮಾಡಿದ್ರ ಸುಮ್ಮನಾಗ್ತೈತ್ರಿ.”

ಅಷ್ಟು ಹೊತ್ತಿಗೆ ಗಾಡಿಯನ್ನು ಎರಡು ಕಡೆ ತೋರಿಸಿಯಾಗಿತ್ತು. ಎರಡೂ ಕಡೆ ‘ಕಂಪ್ರೆಸರ್ ಹೋಗಿದೆ, ಬದಲಾಯಿಸಬೇಕು’ ಎಂಬ ಒಂದೇ ಮಾತು, ಐವತ್ತು ಸಾವಿರದ ಮೇಲಿನ ಅಂದಾಜು. ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಚ್ಚಿ ನೋಡಿದವರಿಲ್ಲ, ಅಡಿಯ ಪ್ಲಾಸ್ಟಿಕ್ ಕವರ್ ಬಿಚ್ಚಿದವರೂ ಇಲ್ಲ. ಆ ಕಂಪ್ರೆಸರ್ ಇವತ್ತಿಗೂ ಅದೇ ಕಾರಿನಲ್ಲಿ ಕೆಲಸ ಮಾಡುತ್ತಿದೆ. ಕೆಟ್ಟಿದ್ದು ಅದರ ಸುತ್ತಲಿನ ಮೂರು ಸಣ್ಣ ಸಂಗತಿಗಳು. ಅವುಗಳಲ್ಲಿ ಯಾವುದೊಂದೂ ತಾನಾಗಿಯೇ ಇಷ್ಟು ನಡುಕ ಹುಟ್ಟಿಸುವಂಥದ್ದಲ್ಲ, ಮೂರೂ ಕೂಡಿದ್ದರಿಂದ ಹೀಗಾಗಿತ್ತು.

ನಿಂತಾಗಲೇ ಏಕೆ?

ಪೆಟ್ರೋಲ್ ಕಾರಿನಲ್ಲಿ ಎಸಿ ಕಂಪ್ರೆಸರ್ ಬೆಲ್ಟ್ ಮೂಲಕ ಎಂಜಿನ್ನಿಗೆ ಕಟ್ಟಿಕೊಂಡಿರುತ್ತದೆ. ಎಂಜಿನ್ ನಿಧಾನವಾದರೆ ಅದೂ ನಿಧಾನ. ಅದರ ಸದ್ದನ್ನು ಎಂಜಿನ್ನಿನ ಸದ್ದೇ ನುಂಗಿಬಿಡುತ್ತದೆ. ಎಲೆಕ್ಟ್ರಿಕ್ ಕಾರಿನ ಕಂಪ್ರೆಸರಿಗೆ ತನ್ನದೇ ಮೋಟಾರು, ತನ್ನದೇ ಇನ್ವರ್ಟರ್. ಕರೆಂಟು ನೇರವಾಗಿ ದೊಡ್ಡ ಬ್ಯಾಟರಿಯಿಂದ. ಒಳಗೆ ಚಕ್ಕುಲಿಯಂಥ ಎರಡು ಲೋಹದ ಸುರುಳಿಗಳಿದ್ದು, ಒಂದು ನಿಂತೇ ಇರುತ್ತದೆ, ಇನ್ನೊಂದು ಅದರೊಳಗೆ ಸುತ್ತುತ್ತ ಗ್ಯಾಸನ್ನು ಹಿಂಡುತ್ತದೆ. ಇದನ್ನೇ ಸ್ಕ್ರಾಲ್ ಕಂಪ್ರೆಸರ್ ಎನ್ನುವುದು. ಇದು ನಿಮಿಷಕ್ಕೆ ಸಾವಿರ ಸುತ್ತಿನ ಆಸುಪಾಸಿನಿಂದ ಎಂಟು ಸಾವಿರದವರೆಗೂ ತಿರುಗಬಲ್ಲದು. ಎಷ್ಟು ವೇಗ ಎನ್ನುವುದಕ್ಕೂ ಗಾಡಿಯ ಓಟಕ್ಕೂ ನೇರ ಸಂಬಂಧವಿಲ್ಲ. ಒಳಗೆ ಎಷ್ಟು ತಂಪು ಬೇಕು, ಬ್ಯಾಟರಿಗೆ ಎಷ್ಟು ತಂಪು ಬೇಕು ಎನ್ನುವುದರ ಮೇಲೆ ಅದು ತೀರ್ಮಾನವಾಗುತ್ತದೆ.

ಗಾಡಿ ಓಡುವಾಗ ಟೈರಿನ ಸದ್ದು, ಗಾಳಿಯ ಸದ್ದು ಇರುತ್ತವೆ, ಎದುರುಗಾಳಿ ಕಂಡೆನ್ಸರನ್ನು (ಬಿಸಿ ಗ್ಯಾಸನ್ನು ದ್ರವವಾಗಿಸುವ, ಗಾಡಿಯ ಮುಂಭಾಗದ ಜಾಲಿಯನ್ನು) ತಣಿಸುತ್ತದೆ. ನಿಂತ ಕೂಡಲೇ ಇವೆಲ್ಲ ಒಟ್ಟಿಗೆ ಇಲ್ಲವಾಗುತ್ತವೆ. ಕಂಡೆನ್ಸರಿನ ಬಿಸಿ ತೆಗೆಯಲು ಬರೀ ಫ್ಯಾನ್ ಉಳಿಯುತ್ತದೆ, ಒತ್ತಡ ಏರುತ್ತದೆ, ಅದೇ ತಂಪು ಕೊಡಲು ಕಂಪ್ರೆಸರ್ ಇನ್ನಷ್ಟು ಜೋರಾಗಿ ತಿರುಗಬೇಕಾಗುತ್ತದೆ. ಅದನ್ನು ಮುಚ್ಚುವ ಬೇರೆ ಸದ್ದು ಆಗ ಇರುವುದಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದ ಬೇಸಿಗೆಯಲ್ಲಿ ಇಂಥ ದೂರುಗಳು ಬರುವುದು ಮಧ್ಯಾಹ್ನದ ಸಿಗ್ನಲ್ಲಿನಿಂದ, ಇಲ್ಲವೇ ಫಾಸ್ಟ್ ಚಾರ್ಜಿಂಗ್ ಜಾಗದಿಂದ.

ಮೊದಲ ದಿನದ ಅಳತೆ

ಮಧ್ಯಾಹ್ನ 12.30, ನೆರಳಿನಲ್ಲಿ 41 ಡಿಗ್ರಿ. ಗಾಡಿ ಪಾರ್ಕ್‌ನಲ್ಲಿ, ಬಾಗಿಲು ಮುಚ್ಚಿ, ಎಸಿ 20 ಡಿಗ್ರಿಗಿಟ್ಟು, ಬ್ಲೋವರ್ ಪೂರ್ತಿ, ಒಳಗಿನ ಗಾಳಿಯೇ ಸುತ್ತುವಂತೆ ಮಾಡಿ 15 ನಿಮಿಷ ಬಿಡಲಾಯಿತು. ಗಾಡಿಯ ಕಂಪ್ಯೂಟರಿಗೆ ಜೋಡಿಸಿ ಓದುವ ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಕಂಪ್ರೆಸರ್ ವೇಗ ಏರುತ್ತ ಹೋಗಿ 4,400ರಿಂದ 4,700 ಸುತ್ತಿನ ನಡುವೆ ನಿಂತಿತು. ಅದೇ ಹೊತ್ತಿಗೆ ‘ಗುಂಯ್’ ಶುರು.

ಸದ್ದಿನ ಮೂಲ ಯಾವುದೆಂದು ತಿಳಿಯಲು ಕಿವಿಯನ್ನೊಂದೇ ನೆಚ್ಚಬಾರದು. ಮೊಬೈಲಿನಲ್ಲಿ ಸದ್ದನ್ನು ಆವೃತ್ತಿಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರಮ್ ಆ್ಯಪ್ ಹಾಕಿಕೊಂಡು, ಚಾಲಕನ ಕಿವಿಯ ಮಟ್ಟದಲ್ಲಿ ತಲೆದಿಂಬಿಗೆ ಟೇಪಿನಿಂದ ಅಂಟಿಸಿದರೆ ಸಾಕು. ಇಲ್ಲಿ 75 ಹರ್ಟ್ಜ್ (ಸೆಕೆಂಡಿಗೆ 75 ಕಂಪನ) ಬಳಿ ಸೂಜಿಮೊನೆಯಂತೆ ಒಂದು ಗೆರೆ ಎದ್ದು ನಿಂತಿತ್ತು. ಲೆಕ್ಕ ಸುಲಭ: ನಿಮಿಷದ ಸುತ್ತನ್ನು 60ರಿಂದ ಭಾಗಿಸಿದರೆ ಸೆಕೆಂಡಿನ ಸುತ್ತು ಬರುತ್ತದೆ. 4,500 ಭಾಗಿಸು 60 ಎಂದರೆ 75. ಕಂಪ್ರೆಸರ್ ವೇಗ ಬದಲಾದಂತೆ ಗೆರೆಯೂ ಸರಿದರೆ ಮೂಲ ಕಂಪ್ರೆಸರೇ.

ಹೊರಗಿನ ಫ್ಯಾನನ್ನು ಬೇರೆಯಾಗಿ ಪರೀಕ್ಷಿಸಬೇಕು. ಸ್ಕ್ಯಾನರಿನ ಆ್ಯಕ್ಟಿವ್ ಟೆಸ್ಟ್‌ನಲ್ಲಿ ಕಂಪ್ರೆಸರ್ ನಿಲ್ಲಿಸಿ ಫ್ಯಾನೊಂದನ್ನೇ ಪೂರ್ತಿ ವೇಗದಲ್ಲಿ ಓಡಿಸಲಾಯಿತು. ಏಳು ರೆಕ್ಕೆಯ ಫ್ಯಾನ್ 2,400 ಸುತ್ತು ತಿರುಗಿದರೆ ರೆಕ್ಕೆಗಳ ಸದ್ದು 280 ಹರ್ಟ್ಜ್‌ನಲ್ಲಿ ಬರಬೇಕು, ರೆಕ್ಕೆಗೆ ಮಣ್ಣು ಮೆತ್ತಿ ತೂಕ ತಪ್ಪಿದ್ದರೆ 40 ಹರ್ಟ್ಜ್‌ನಲ್ಲಿ ನಡುಕ ಬರಬೇಕು. ಸದ್ದು ಬಂತು, ನಡುಕ ಬರಲಿಲ್ಲ. ಫ್ಯಾನ್ ತಪ್ಪಿತಸ್ಥನಲ್ಲ.

ಆಮೇಲೆ ಕಂಪ್ರೆಸರನ್ನು 1,500 ಸುತ್ತಿನಿಂದ 500, 500 ಏರಿಸುತ್ತ 6,500ರವರೆಗೆ ಒಯ್ಯಲಾಯಿತು. ಈ ಒಂದು ಪರೀಕ್ಷೆಯೇ ಇಡೀ ಪ್ರಕರಣದ ಕೀಲಿ. ಬೇರಿಂಗೋ ಸುರುಳಿಯೋ ಸವೆದಿದ್ದರೆ ಸದ್ದು ವೇಗದ ಜೊತೆಗೆ ಬೆಳೆಯುತ್ತಲೇ ಹೋಗುತ್ತದೆ, ಅದರಲ್ಲಿ ಕರಕರ, ಕಟಕಟ ಬೆರೆತಿರುತ್ತದೆ. ಇಲ್ಲಿ 4,000ಕ್ಕೆ ಕಾಣಿಸಿಕೊಂಡ ನಡುಕ 4,500ಕ್ಕೆ ಜೋರಾಗಿ, 5,500 ದಾಟಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಯಿತು. ಹಳೇ ಬಸ್ಸು ನಿಂತಾಗ ಎಂಜಿನ್ನಿನ ಒಂದೇ ಒಂದು ವೇಗದಲ್ಲಿ ಕಿಟಕಿ ಗಾಜು ಗಡಗಡ ಎಂದು, ಸ್ವಲ್ಪ ಆ್ಯಕ್ಸಿಲೇಟರ್ ಕೊಟ್ಟರೆ ಸುಮ್ಮನಾಗುತ್ತದಲ್ಲ, ಅದೇ ಇದು. ಗಾಜಿನ ದೋಷ ಎಂಜಿನ್ನಿನದ್ದಲ್ಲ. ಯಾವುದೋ ಭಾಗದ ಸ್ವಂತ ಕಂಪನದ ಲಯಕ್ಕೆ ಕಂಪ್ರೆಸರಿನ ಲಯ ಸರಿಯಾಗಿ ಕೂಡುತ್ತಿದೆ, ಅಂದರೆ ಅನುನಾದ. ಇದು ಕಂಡ ಮೇಲೆ ಕಂಪ್ರೆಸರ್ ಬದಲಾಯಿಸುವ ಮಾತನ್ನು ಬದಿಗಿಡಬೇಕು.

ಗೇಜ್ ತೋರಿಸಿದ್ದು: ಅಧಿಕ ಒತ್ತಡ 21 ಬಾರ್, ಕಡಿಮೆ ಒತ್ತಡ 2.6 ಬಾರ್. ಗ್ಯಾಸ್ ಆರ್-134ಎ. 21 ಬಾರ್ ಎಂದರೆ ಕಂಡೆನ್ಸರಿನೊಳಗೆ ಗ್ಯಾಸ್ ದ್ರವವಾಗುತ್ತಿರುವುದು ಸುಮಾರು 72 ಡಿಗ್ರಿಯಲ್ಲಿ, ಹೊರಗಿನ ಗಾಳಿಗಿಂತ ಸುಮಾರು 30 ಡಿಗ್ರಿ ಮೇಲೆ. ಸ್ವಚ್ಛ ಕಂಡೆನ್ಸರ್, ಸರಿಯಾದ ಗ್ಯಾಸ್ ಇದ್ದರೆ ಈ ಅಂತರ 20 ಡಿಗ್ರಿಯ ಸುತ್ತಮುತ್ತ ಇರಬೇಕು. ಒತ್ತಡ ಏರಲು ಮೂರು ಕಾರಣ ಇರಬಹುದು: ಕಂಡೆನ್ಸರಿನ ಜಾಲಿ ಧೂಳಿನಿಂದ ಕಟ್ಟಿದೆ, ಗ್ಯಾಸ್ ಹೆಚ್ಚಾಗಿದೆ, ಇಲ್ಲವೇ ಒಳಗೆ ಗಾಳಿ ಸೇರಿದೆ.

ಗಾಳಿ ಸೇರಿದೆಯೇ ಎಂದು ನೋಡಲು ಗಾಡಿಯನ್ನು ರಾತ್ರಿಯಿಡೀ ನಿಲ್ಲಿಸಿ ಬೆಳಗ್ಗೆ ಗೇಜ್ ಓದಬೇಕು. ಬೆಳಗ್ಗೆ 6 ಗಂಟೆಗೆ 28 ಡಿಗ್ರಿ ಇತ್ತು. ಆ ಉಷ್ಣತೆಗೆ ಶುದ್ಧ ಆರ್-134ಎ ತೋರಿಸಬೇಕಾದ ಒತ್ತಡ ಸುಮಾರು 6.3 ಬಾರ್, ಗೇಜಿನಲ್ಲೂ ಅಷ್ಟೇ. ಗಾಳಿ ಇಲ್ಲ. ಉಳಿದ ಎರಡೂ ನಿಜವಾಗಿದ್ದವು.

ಕೆಂಧೂಳಿನ ಜಾಲಿ

ಕುಡತಿನಿಯ ಶಾಖೋತ್ಪನ್ನ ಸ್ಥಾವರದ ಹಾರುಬೂದಿ, ಅದಿರು ಲಾರಿಗಳು ಎಬ್ಬಿಸುವ ಕೆಂಧೂಳು, ಮಧ್ಯೆ ಹೊಲಗಳಿಂದ ಹಾರಿ ಬರುವ ಹತ್ತಿಯ ಎಳೆ, ಜೋಳದ ರವದಿಯ ಚೂರು. ಈ ದಾರಿಯಲ್ಲಿ ದಿನವೂ ಓಡುವ ಗಾಡಿಯ ಕಂಡೆನ್ಸರಿಗೆ ಇವೆಲ್ಲ ಸೇರಿಕೊಳ್ಳುತ್ತವೆ. ಹೊರಗಿನಿಂದ ನೋಡಿದರೆ ಜಾಲಿ ಅಷ್ಟೇನೂ ಕೆಟ್ಟಿರಲಿಲ್ಲ, ಮೇಲ್ಮೈ ಕೆಂಪಗಿತ್ತು ಅಷ್ಟೇ. ಬಂಪರ್ ಬಿಚ್ಚಿ ಕಂಡೆನ್ಸರನ್ನು ಹಿಂದಿನ ರೇಡಿಯೇಟರಿನಿಂದ ಎರಡು ಬೆರಳಷ್ಟು ಸರಿಸಿದಾಗ ನಿಜ ಕಾಣಿಸಿತು: ಎರಡರ ನಡುವಿನ ಸಂದಿಯಲ್ಲಿ ಹತ್ತಿಯ ಎಳೆಗಳು ಬಲೆ ಕಟ್ಟಿ, ಅದರ ಮೇಲೆ ಕೆಂಪು ಮಣ್ಣು ಕೂತು, ಕೆಳಗಿನ ಮೂರನೇ ಒಂದು ಭಾಗ ಕಂಬಳಿ ಹೊದಿಸಿದಂತೆ ಮುಚ್ಚಿಹೋಗಿತ್ತು.

ಇದನ್ನು ತೊಳೆಯುವ ಕ್ರಮದಲ್ಲಿ ತಪ್ಪುವವರೇ ಹೆಚ್ಚು. ಅದಿರಿನ ಧೂಳು ತೂಕದ್ದು, ಬಲು ನುಣುಪು. ಒಮ್ಮೆಲೇ ನೀರು ಹೊಡೆದರೆ ಕೆಸರಾಗಿ ಜಾಲಿಯ ತೆಳು ಪಟ್ಟಿಗಳಾದ ಫಿನ್ನುಗಳ ಒಳಕ್ಕೆ ಇಳಿಯುತ್ತದೆ, ಒಣಗಿದ ಮೇಲೆ ಗಾರೆಯಂತೆ ಹಿಡಿದುಕೊಳ್ಳುತ್ತದೆ. ಮೊದಲು ಒಣಗಿರುವಾಗಲೇ ಮೆತ್ತನೆಯ ಬ್ರಷ್ಷಿನಿಂದ, ಫಿನ್ನುಗಳ ಗೆರೆ ಇರುವ ದಿಕ್ಕಿನಲ್ಲೇ ಸವರಿ, ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಬೇಕು. ಅಡ್ಡ ಸವರಿದರೆ ಫಿನ್ನು ಮಡಚುತ್ತದೆ. ನಂತರ ತೋಟದ ಪೈಪಿನ ನೀರನ್ನು ಹಿಂದಿನಿಂದ ಮುಂದಕ್ಕೆ, ಅಂದರೆ ಧೂಳು ಬಂದ ದಾರಿಯಲ್ಲೇ ವಾಪಸು ಹೋಗುವಂತೆ ಬಿಡಬೇಕು. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ವಾಷರ್ ಹತ್ತಿರವೂ ತರಬಾರದು. ತಗಡಿನಷ್ಟು ತೆಳುವಾದ ಅಲ್ಯೂಮಿನಿಯಂ ಫಿನ್ನು ಒಂದೇ ಹೊಡೆತಕ್ಕೆ ಮಲಗಿಬಿಡುತ್ತದೆ, ಮಲಗಿದ ಫಿನ್ನು ಧೂಳಿಗಿಂತ ಕೆಟ್ಟದು. ಮನೆ ಎಸಿಗೆ ಬಳಸುವ ಆ್ಯಸಿಡ್ ದ್ರಾವಣವೂ ಬೇಡ. ಫ್ಯಾನ್ ಮೋಟಾರಿನ ಕನೆಕ್ಟರ್, ಹೈ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್ಲಿನ ಜೋಡಣೆಗಳಿಗೆ ಪ್ಲಾಸ್ಟಿಕ್ ಹೊದಿಸಿಯೇ ನೀರು ಮುಟ್ಟಬೇಕು. ಇಲ್ಲಿ ಮೂರು ಬಕೆಟ್ ನೀರು ಕೆಂಪಗೆ ಹರಿದ ಮೇಲೆ ನಾಲ್ಕನೆಯದು ತಿಳಿಯಾಯಿತು.

ಗ್ಯಾಸಿನ ಲೆಕ್ಕ

ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ 600 ಗ್ರಾಂ ಎಂದಿತ್ತು, 25 ಗ್ರಾಂ ಹೆಚ್ಚುಕಡಿಮೆ ನಡೆಯುತ್ತದೆ. ಗ್ಯಾಸ್ ಎಳೆದು ತುಂಬುವ ಮಷಿನ್ನಿನಿಂದ ವಾಪಸು ಎಳೆದಾಗ ಬಂದದ್ದು 740 ಗ್ರಾಂ. ಹಿಂದಿನ ವರ್ಷ ಗಾಡಿಯ ಮುಂಭಾಗಕ್ಕೆ ಪೆಟ್ಟು ಬಿದ್ದು ಕಂಡೆನ್ಸರ್ ಬದಲಾಯಿಸಿದ್ದರು. ಆಗ ಗ್ಯಾಸನ್ನು ತೂಗದೆ, ಗೇಜ್ ನೋಡಿಕೊಂಡು ‘ತಂಪು ಬಂತು, ಸಾಕು’ ಎಂದು ತುಂಬಿದ್ದಿರಬೇಕು. ಪೆಟ್ರೋಲ್ ಕಾರಿನಲ್ಲಿ ಹೇಗೋ ದಕ್ಕುವ ಈ ರೂಢಿ ಇಲ್ಲಿ ದಕ್ಕುವುದಿಲ್ಲ. ಕಂಪ್ರೆಸರಿನ ವೇಗ ಕ್ಷಣಕ್ಷಣಕ್ಕೆ ಬದಲಾಗುತ್ತದೆ, ವೇಗದ ಜೊತೆಗೆ ಒತ್ತಡವೂ ಬದಲಾಗುತ್ತದೆ. ಹಾಗಿರುವಾಗ ಗೇಜಿನ ಮುಳ್ಳು ಗ್ಯಾಸಿನ ಪ್ರಮಾಣ ಹೇಳಲಾರದು, ತಕ್ಕಡಿಯೇ ಹೇಳಬೇಕು. ಹೆಚ್ಚುವರಿ ದ್ರವ ಕಂಡೆನ್ಸರಿನ ಕೆಳಗಿನ ನಳಿಗೆಗಳಲ್ಲಿ ನಿಂತು ಬಿಸಿ ಬಿಡುವ ಜಾಗವನ್ನೇ ತಿನ್ನುತ್ತದೆ. ಈ ಕಾರಿನಲ್ಲಂತೂ ಅದೇ ಕೆಳಭಾಗ ಧೂಳಿನಿಂದಲೂ ಮುಚ್ಚಿತ್ತು.

ಎಣ್ಣೆಯ ವಿಷಯ ಇನ್ನೂ ಗಂಭೀರ. ಕಂಪ್ರೆಸರಿನ ಮೋಟಾರು ಗ್ಯಾಸ್ ಮತ್ತು ಎಣ್ಣೆಯಲ್ಲೇ ಮುಳುಗಿರುತ್ತದೆ, ಆದ್ದರಿಂದ ಕರೆಂಟು ಹರಿಯಗೊಡದ ಪಿಒಇ ಎಣ್ಣೆಯನ್ನೇ ಹಾಕಬೇಕು. ಮಾಮೂಲಿ ಕಾರುಗಳ ಪಿಎಜಿ ಎಣ್ಣೆ ಸ್ವಲ್ಪ ಬೆರೆತರೂ ಇನ್ಸುಲೇಷನ್ ಕುಸಿದು, ಹೈ ವೋಲ್ಟೇಜ್ ದೋಷ ತೋರಿಸಿ ಗಾಡಿಯೇ ನಿಂತುಬಿಡಬಹುದು. ಎಣ್ಣೆ ಡಬ್ಬಿ ಸರಿ ಇದ್ದರೂ ಮಷಿನ್ನಿನ ಹೋಸಿನಲ್ಲಿ ಹಿಂದಿನ ಕಾರಿನ ಪಿಎಜಿ ಉಳಿದಿರುತ್ತದೆ. ಎಲೆಕ್ಟ್ರಿಕ್ ಕಾರಿಗೆ ಬೇರೆ ಹೋಸ್ ಇಲ್ಲದ, ಹೋಸ್ ತೊಳೆಯುವ ಸೌಲಭ್ಯವೂ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಈ ಗಾಡಿಯ ಅದೃಷ್ಟ, ಸ್ಕ್ಯಾನರಿನಲ್ಲಿ ಇನ್ಸುಲೇಷನ್ ದೋಷ ಇರಲಿಲ್ಲ, ಹೊರಬಂದ ಎಣ್ಣೆಯೂ ತಿಳಿಯಾಗಿತ್ತು. ಲೋಹದ ಪುಡಿ ಕಂಡಿದ್ದರೆ ಮಾತ್ರ ಕಂಪ್ರೆಸರಿನ ಮೇಲೆ ಅನುಮಾನ ಪಡಬೇಕಿತ್ತು.

ನಡುಕದ ದಾರಿ

ಕಂಪ್ರೆಸರ್ ಎಷ್ಟೇ ಒಳ್ಳೆಯದಿದ್ದರೂ ಸ್ವಲ್ಪ ನಡುಗುತ್ತದೆ. ಆ ನಡುಕ ಸೀಟಿಗೆ ಬರಬಾರದೆಂದೇ ಅದನ್ನು ರಬ್ಬರ್ ಬುಷ್‌ಗಳ ಮೇಲೆ ಕೂರಿಸಿರುತ್ತಾರೆ, ಪೈಪಿನ ನಡುವೆ ಒಂದು ತುಂಡು ರಬ್ಬರ್ ಹೋಸ್ ಕೊಟ್ಟಿರುತ್ತಾರೆ, ಪೈಪನ್ನು ಕಾರಿನ ಬಾಡಿಯ ತಗಡಿಗೆ ಹಿಡಿಯುವ ಕ್ಲಾಂಪಿನಲ್ಲೂ ರಬ್ಬರ್ ಇಟ್ಟಿರುತ್ತಾರೆ. ಈ ಮೂರರಲ್ಲಿ ಎಲ್ಲಿ ಲೋಹಕ್ಕೆ ಲೋಹ ತಾಗಿದರೂ ನಡುಕಕ್ಕೆ ದಾರಿ ತೆರೆಯಿತು.

ಮೊದಲು ಸಿಕ್ಕಿದ್ದು ಪೈಪು. ಅಧಿಕ ಒತ್ತಡದ ಅಲ್ಯೂಮಿನಿಯಂ ಪೈಪು ಬಲಗಡೆ ಬಾಡಿಯ ಅಂಚಿನ ತಗಡಿನ ಪಕ್ಕದಲ್ಲೇ ಹಾದುಹೋಗುತ್ತದೆ. ಅಲ್ಲಿನ ಕ್ಲಾಂಪಿನ ರಬ್ಬರ್ ಕಳೆದುಹೋಗಿತ್ತು. ಪೈಪಿನ ಮೇಲೆ ಜೋಳದ ಕಾಳಿನಷ್ಟು ಜಾಗ ಕನ್ನಡಿಯಂತೆ ಹೊಳೆಯುತ್ತಿತ್ತು, ಸುತ್ತ ಕಪ್ಪು ಪುಡಿ. ತಗಡಿಗೆ ಉಜ್ಜಿ ಉಜ್ಜಿ ಆದ ಗುರುತು. ಪರೀಕ್ಷೆಗೆ ಗಾಡಿ ಪೂರ್ತಿ ಆಫ್ ಮಾಡಿ ಆ ಸಂದಿಯಲ್ಲಿ ಸೈಕಲ್ ಟ್ಯೂಬಿನ ತುಂಡನ್ನು ಎರಡು ಮಡಿಕೆ ಮಾಡಿ ತುರುಕಿ, ಕೈ ಹೊರಗೆ ತೆಗೆದ ಮೇಲೆ ಮತ್ತೆ 4,500 ಸುತ್ತಿಗೆ ಓಡಿಸಲಾಯಿತು. ಮೊಬೈಲಿನಲ್ಲಿ 75 ಹರ್ಟ್ಜ್ ಗೆರೆ 7 ಡೆಸಿಬಲ್ ಇಳಿಯಿತು. ಮೊಬೈಲಿನ ಮೈಕು ಇಷ್ಟು ಮಂದ್ರದ ಸದ್ದನ್ನು ಪೂರ್ತಿ ಅಳೆಯಲಾರದು, ಹಾಗಾಗಿ ಅದು ತೋರಿಸುವ ಒಟ್ಟು ಡೆಸಿಬಲ್ಲನ್ನು ನಂಬಬಾರದು. ಅದೇ ಮೊಬೈಲು, ಅದೇ ಜಾಗ ಇದ್ದರೆ ಮೊದಲಿಗೂ ಆಮೇಲಿಗೂ ಇರುವ ವ್ಯತ್ಯಾಸವನ್ನು ನಂಬಬಹುದು. ಟ್ಯೂಬು ಪರೀಕ್ಷೆಗೆ ಮಾತ್ರ. ಅದನ್ನೇ ಬಿಟ್ಟರೆ ಬಿಸಿ ಪೈಪಿಗೆ ಅಂಟಿ, ಒಂದೇ ಬೇಸಿಗೆಗೆ ಪುಡಿಯಾಗುತ್ತದೆ.

ಸದ್ದು ಇಳಿಯಿತು, ಸ್ಟೀರಿಂಗ್ ನಡುಕ ಪೂರ್ತಿ ಹೋಗಲಿಲ್ಲ. ಹಾಗಾಗಿ ಬುಷ್ ನೋಡಲೇಬೇಕಾಯಿತು. ಕಿತ್ತಳೆ ಕೇಬಲ್ ಹತ್ತಿರ ಕೈ ಹಾಕುವ ಮೊದಲು ಗಾಡಿ ಆಫ್, 12 ವೋಲ್ಟ್ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಕಿತ್ತು ಜೇಬಿನಲ್ಲಿಟ್ಟುಕೊಂಡು, ತಯಾರಕರು ಹೇಳಿದಷ್ಟು ಹೊತ್ತು ಕಾಯಬೇಕು, ಇಲ್ಲಿ 10 ನಿಮಿಷ. ಆಮೇಲೂ 1,000 ವೋಲ್ಟ್ ದರ್ಜೆಯ ಗ್ಲೌಸ್ ಹಾಕಿಕೊಂಡೇ ಮೀಟರಿನಲ್ಲಿ ಅಳೆದು, 60 ವೋಲ್ಟಿಗಿಂತ ಕೆಳಗೆ ಇಳಿದಿದೆ ಎಂದು ಕಣ್ಣಾರೆ ಕಂಡ ಮೇಲೆ ಮುಂದಿನ ಕೆಲಸ. ತರಬೇತಿ ಇಲ್ಲದವರು ಈ ಹಂತಕ್ಕೆ ಕೈ ಹಾಕಲೇಬಾರದು.

ಕಂಪ್ರೆಸರ್ ಮೂರು ಬೋಲ್ಟುಗಳ ಮೇಲೆ ನಿಂತಿತ್ತು. ಪ್ರತಿ ಬುಷ್ಷಿನ ನಡುವೆ ಒಂದು ಉಕ್ಕಿನ ಸ್ಲೀವ್, ಅಂದರೆ ಗಿಡ್ಡ ಕೊಳವೆ ಇರುತ್ತದೆ. ಬೋಲ್ಟನ್ನು ಎಷ್ಟೇ ಬಿಗಿ ಮಾಡಿದರೂ ಆ ಸ್ಲೀವ್ ತಡೆಯುತ್ತದೆ, ರಬ್ಬರ್ ಹಿಸುಕಿಹೋಗುವುದಿಲ್ಲ. ಹಿಂದಿನ ಕಡೆಯ ಬುಷ್ಷಿನಲ್ಲಿ ಸ್ಲೀವೇ ಇರಲಿಲ್ಲ. ಮುಂಭಾಗ ರಿಪೇರಿ ಮಾಡಿದಾಗ ಕಂಪ್ರೆಸರ್ ಇಳಿಸಿ, ಮರಳಿ ಕೂರಿಸುವಾಗ ಸ್ಲೀವ್ ಬಿಟ್ಟು, ಇಂಪ್ಯಾಕ್ಟ್ ಗನ್ನಿನಿಂದ ಬಿಗಿದಿದ್ದರು. ರಬ್ಬರ್ ಎರಡೂ ಬದಿಯಿಂದ ತುಟಿಯಂತೆ ಹೊರಚಾಚಿ ಬಿರುಕು ಬಿಟ್ಟಿತ್ತು. ವಾಷರ್ ನೇರವಾಗಿ ಬ್ರಾಕೆಟ್ಟಿಗೆ ತಾಗಿ ಉಂಗುರದಂಥ ಹೊಳೆಯುವ ಗೆರೆ ಮೂಡಿತ್ತು. ಉಳಿದ ಎರಡು ಬುಷ್‌ಗಳು ತಾಪಕ್ಕೆ ಗಡುಸಾಗಿ, ಉಗುರು ಒತ್ತಿದರೆ ಗುರುತೇ ಬೀಳುತ್ತಿರಲಿಲ್ಲ.

ಇದರಿಂದ ಅನುನಾದದ ಜಾಗ ಹೇಗೆ ಸರಿಯಿತು ಎಂಬುದು ಲೆಕ್ಕಕ್ಕೆ ಸಿಗುತ್ತದೆ. ರಬ್ಬರಿನ ಮೇಲೆ ಕೂತ ಭಾರದ ಸ್ವಂತ ಆವೃತ್ತಿ, ರಬ್ಬರಿನ ಬಿರುಸಿನ ವರ್ಗಮೂಲದಂತೆ ಏರುತ್ತದೆ. ಉದಾಹರಣೆಗೆ, ಹೊಸ ಬುಷ್‌ಗಳ ಮೇಲೆ ಅದು 30 ಹರ್ಟ್ಜ್ ಎಂದುಕೊಳ್ಳೋಣ. ಬಿರುಸು ಆರು ಪಟ್ಟಿಗಿಂತ ತುಸು ಹೆಚ್ಚಾದರೆ ಆವೃತ್ತಿ ಎರಡೂವರೆ ಪಟ್ಟಾಗಿ 75 ಹರ್ಟ್ಜ್‌ಗೆ ಬರುತ್ತದೆ, ಅಂದರೆ ಸರಿಯಾಗಿ 4,500 ಸುತ್ತು. ಮೇಲಾಗಿ ಬುಷ್ ನಡುಕವನ್ನು ತಡೆಯಲು ಶುರು ಮಾಡುವುದೇ ಸ್ವಂತ ಆವೃತ್ತಿಯ 1.41 ಪಟ್ಟಿನ ನಂತರ. ಹೊಸ ಬುಷ್ 42 ಹರ್ಟ್ಜ್‌ನಿಂದಲೇ, ಸುಮಾರು 2,550 ಸುತ್ತಿನಿಂದಲೇ ಕಾಪಾಡುತ್ತದೆ. ಬಿರುಸಾದ ಬುಷ್ 106 ಹರ್ಟ್ಜ್ ದಾಟುವವರೆಗೂ ನಡುಕವನ್ನು ತಡೆಯುವ ಬದಲು ಹೆಚ್ಚಿಸುತ್ತದೆ. ಚಳಿಗಾಲದಲ್ಲಿ ಇದೇ ಗಾಡಿಯ ಕಂಪ್ರೆಸರ್ 2,000 ಸುತ್ತಿನ ಆಸುಪಾಸಿನಲ್ಲೇ ಇರುತ್ತಿದ್ದುದರಿಂದ ದೂರು ಬಂದಿರಲಿಲ್ಲ. ಏಪ್ರಿಲ್ ತಾಪ, ಕಟ್ಟಿದ ಜಾಲಿ, ಹೆಚ್ಚಿನ ಗ್ಯಾಸ್ ಮೂರೂ ಸೇರಿ ಅದನ್ನು ತಳ್ಳಿಕೊಂಡು ಹೋಗಿ ಆ 4,500ರ ಮೇಲೇ ನಿಲ್ಲಿಸಿದ್ದವು.

ಮೆತ್ತನೆಯ ರಬ್ಬರ್ ಕತ್ತರಿಸಿ ಹಾಕೋಣ ಎಂಬ ಸಲಹೆ ಇಂಥ ಕಡೆ ಬರುವುದುಂಟು. ಅದು ತಪ್ಪು. ಬೇಕಾದ್ದಕ್ಕಿಂತ ಮೆತ್ತಗಾದರೆ ಆರೇಳು ಕೆ.ಜಿ.ಯ ಕಂಪ್ರೆಸರ್ ಗುಂಡಿಯಲ್ಲಿ ತೂಗಾಡಿ ಪೈಪಿನ ಬೆಸುಗೆ ಬಿಡುತ್ತದೆ. ಡ್ಯಾಶ್‌ಬೋರ್ಡ್ ಒಳಗೆ ಸದ್ದು ತಡೆಯುವ ಹಾಳೆ ಅಂಟಿಸುವುದೂ ವ್ಯರ್ಥ ಖರ್ಚು, 75 ಹರ್ಟ್ಜ್‌ನ ಗುಂಗು ಹಾಳೆಗೆ ಬಗ್ಗುವುದಿಲ್ಲ.

ಜೋಡಣೆ

ಮೂರೂ ಬುಷ್, ಮೂರೂ ಸ್ಲೀವ್ ಹೊಸವು, ತಯಾರಕರದ್ದೇ. ಒಂದನ್ನಷ್ಟೇ ಬದಲಾಯಿಸಿದರೆ ಭಾರ ಗಡುಸಾದವುಗಳ ಮೇಲೆ ವಾಲುತ್ತದೆ. ಮೂರೂ ಬೋಲ್ಟನ್ನು ಮೊದಲು ಕೈಯಿಂದ ಕೂರಿಸಿ, ಕಂಪ್ರೆಸರ್ ತನ್ನ ಜಾಗಕ್ಕೆ ತಾನೇ ಇಳಿದ ಮೇಲೆ ಟಾರ್ಕ್ ರೆಂಚಿನಿಂದ ಈ ಗಾಡಿಯ ಕೈಪಿಡಿ ಹೇಳುವ 24 ನ್ಯೂಟನ್ ಮೀಟರ್. ಇಂಪ್ಯಾಕ್ಟ್ ಗನ್ ದೂರ. ಪೈಪಿನ ಕ್ಲಾಂಪಿಗೆ ಹೊಸ ರಬ್ಬರ್ ಹಾಕಿ, ಪೈಪಿಗೂ ತಗಡಿಗೂ ನಡುವೆ 8 ಮಿ.ಮೀ. ಅಂತರ ಬಿಡಲಾಯಿತು. ಬಿಚ್ಚಿದ ಜೋಡಣೆಗಳ ಓ-ರಿಂಗ್ ಹೊಸವು, ಅವಕ್ಕೆ ಸವರಿದ್ದೂ ಪಿಒಇ ಎಣ್ಣೆಯೇ. ಆ ಎಣ್ಣೆ ಗಾಳಿಯ ತೇವ ಹೀರುತ್ತದೆ, ಆದ್ದರಿಂದ ಪೈಪಿನ ಬಾಯಿಗಳನ್ನು ಬಿಚ್ಚಿದ ಕೂಡಲೇ ಮುಚ್ಚಿಡಬೇಕು. 30 ನಿಮಿಷ ವ್ಯಾಕ್ಯೂಮ್, 15 ನಿಮಿಷ ಮುಳ್ಳು ಅಲುಗದೆ ನಿಂತದ್ದನ್ನು ನೋಡಿ, ತಕ್ಕಡಿಯಲ್ಲಿ ತೂಗಿ 600 ಗ್ರಾಂ.

ಮರುದಿನ ಅದೇ ಹೊತ್ತು, ಅದೇ 41 ಡಿಗ್ರಿ. ಅಧಿಕ ಒತ್ತಡ 16 ಬಾರ್. ಕಂಪ್ರೆಸರ್ 3,100 ಸುತ್ತಿಗೆ ನಿಂತಿತು. ಪರೀಕ್ಷೆಗೆಂದು ಬೇಕಂತಲೇ 4,500ಕ್ಕೆ ಏರಿಸಿದರೂ 75 ಹರ್ಟ್ಜ್ ಗೆರೆ ಮೊದಲಿಗಿಂತ 18 ಡೆಸಿಬಲ್ ಕೆಳಗಿತ್ತು, ಸ್ಟೀರಿಂಗ್ ಮೇಲೆ ಇಟ್ಟ ಬೆರಳಿಗೆ ಏನೂ ತಿಳಿಯಲಿಲ್ಲ.

ಫಾಸ್ಟ್ ಚಾರ್ಜಿಂಗಿನಲ್ಲಿ ಬಾನೆಟ್ ಕಡೆಯಿಂದ ಬರುವ ಜೋರು ಸದ್ದು ಮಾತ್ರ ಹೋಗಿಲ್ಲ, ಹೋಗುವುದೂ ಇಲ್ಲ ಎಂದು ಮಾಲೀಕರಿಗೆ ಸ್ಪಷ್ಟವಾಗಿ ಹೇಳಲಾಯಿತು. ಬಿಸಿಯಾದ ಬ್ಯಾಟರಿಯನ್ನು ಚಿಲ್ಲರ್ (ಎಸಿಯ ತಂಪನ್ನು ಬ್ಯಾಟರಿಗೆ ದಾಟಿಸುವ ಭಾಗ) ಮೂಲಕ ತಣಿಸಲು ಅದೇ ಕಂಪ್ರೆಸರ್ ಆರು ಸಾವಿರ ದಾಟಿ ತಿರುಗುತ್ತದೆ, ಒಳಗೆ ಎಸಿ ಬಂದ್ ಇದ್ದರೂ ತಿರುಗುತ್ತದೆ. ವಾಲ್ವಿನ ‘ಟಕ್’, ಎಸಿ ನಿಲ್ಲಿಸಿದ ಮೇಲೆ ಅರ್ಧ ನಿಮಿಷದ ‘ಸ್ಸ್’ ಇವೂ ಸಹಜ. ಸೀಟಿಗೆ ನಡುಕ ಬಂದರೆ, ಕರಕರ ಕೇಳಿಸಿದರೆ ಆಗ ತರಬೇಕು.

ಅದಿರು ದಾರಿಯ ಗಾಡಿಯಾದ್ದರಿಂದ ಫೆಬ್ರುವರಿಯಿಂದ ಜೂನ್‌ವರೆಗೆ ಹದಿನೈದು ದಿನಕ್ಕೊಮ್ಮೆ ಜಾಲಿಯನ್ನು ಒಣಗಿರುವಾಗಲೇ ಬ್ರಷ್ಷಿನಿಂದ ಸವರುವುದು, ಎರಡು ತಿಂಗಳಿಗೊಮ್ಮೆ ಬಂಪರ್ ಬಿಚ್ಚಿ ಸಂದಿ ನೋಡುವುದು ಎಂದು ಗೊತ್ತು ಮಾಡಲಾಗಿದೆ. ಆರು ವಾರದ ನಂತರ ನೋಡಿದಾಗ ಬೋಲ್ಟುಗಳ ಟಾರ್ಕ್ ಹಾಗೇ ಇತ್ತು, ಮೊಬೈಲಿನ ಗೆರೆಯೂ ಏರಿರಲಿಲ್ಲ. ಪೈಪಿನ ಮೇಲಿನ ಆ ಜೋಳದ ಕಾಳಿನಷ್ಟು ಸವಕಲು ಮಾತ್ರ ಉಳಿದಿದೆ. ಸದ್ಯಕ್ಕೆ ಸೋರಿಕೆ ಇಲ್ಲ, ಆದರೆ ಅಲ್ಲಿ ಲೋಹ ತೆಳುವಾಗಿದೆ. ಅದರ ಸುತ್ತ ಬಿಳಿ ಪೆನ್ನಿನಿಂದ ಗುರುತು ಹಾಕಿ, ಮುಂದಿನ ಸರ್ವಿಸಿನಲ್ಲಿ ಪೈಪನ್ನೇ ಬದಲಾಯಿಸಬೇಕೆಂದು ಕಾರ್ಡಿನಲ್ಲಿ ಬರೆದಿಡಲಾಗಿದೆ.